ಬೈಗುಳದ ಹಾಡು, ಫಕೀರರ ಹಾದಿ

ಮೇ ತಿಂಗಳ ಕೊನೆಯ ಭಾಗದಲ್ಲಿ ಮೈಸೂರಿನಿಂದ ಹುಣಸೂರು ದಾಟಿ ಕೊಡಗಿಗೆ ಹೋಗುವವರಿಗೆ, ಆನೆಚೌಕೂರು ಗೇಟು ಕಳೆದು ಕಾಡು ಮುಗಿಯುತ್ತಲೇ ತಿತಿಮತಿಯಲ್ಲಿ ಒಂದು ವಿಚಿತ್ರ ಸ್ವಾಗತ ಕಾದಿರುತ್ತದೆ. ಸೀರೆಯುಟ್ಟ ಗಂಡಸರು, ಮುಖಕ್ಕೆ ಮಸಿ, ಸುಣ್ಣ, ಬಣ್ಣ ಬಳಿದುಕೊಂಡ ಹುಡುಗರು, ಹರಿದ ಕೋಟು ತೊಟ್ಟವರು ಗುಂಪುಗುಂಪಾಗಿ ರಸ್ತೆಗೆ ಅಡ್ಡ ನಿಂತಿರುತ್ತಾರೆ. ಒಬ್ಬನ ಕೈಯಲ್ಲಿ ಒಣಗಿದ ಸೋರೆ ಬುರುಡೆ, ಇನ್ನೊಬ್ಬನ ಕೈಯಲ್ಲಿ ಪ್ಲಾಸ್ಟಿಕ್ ಡಬ್ಬ, ಮತ್ತೊಬ್ಬನ ಕೈಯಲ್ಲಿ ತಗಡು. ಬಸ್ಸು ನಿಲ್ಲುತ್ತದೆ, ಜೀಪು ನಿಲ್ಲುತ್ತದೆ, ಸಾಹುಕಾರರ ಕಾರೂ ನಿಲ್ಲುತ್ತದೆ. ಡಬ್ಬದ ತಾಳಕ್ಕೆ ಸರಿಯಾಗಿ ಬೈಗುಳ ಶುರುವಾಗುತ್ತದೆ. ಬೈಸಿಕೊಂಡವರು ನಗುತ್ತಾ ಚಿಲ್ಲರೆ ಕೊಡುತ್ತಾರೆ. ಕೊಡದಿದ್ದರೆ ಇನ್ನಷ್ಟು ಬೈಗುಳ.

ಇದು ಕುಂಡೆ ಹಬ್ಬ. ಬೇಡಿ ತಿನ್ನುವ ಹಬ್ಬವಾದ್ದರಿಂದ ಬೇಡು ಹಬ್ಬ ಎಂದೂ ಕರೆಯುತ್ತಾರೆ. ಸಭ್ಯರು ನಾಲ್ಕು ಜನರ ಮುಂದೆ ಹೆಸರಿಸದ ದೇಹದ ಅಂಗವೇ ಇಲ್ಲಿ ಹಬ್ಬದ ಹೆಸರು, ಅದೇ ಹಾಡಿನ ಪಲ್ಲವಿ. ದಕ್ಷಿಣ ಕೊಡಗಿನ ಜೇನುಕುರುಬರು, ಬೆಟ್ಟಕುರುಬರು, ಎರವರು ತಿತಿಮತಿ, ಗೋಣಿಕೊಪ್ಪ, ಪೊನ್ನಂಪೇಟೆ, ವಿರಾಜಪೇಟೆ, ಸಿದ್ದಾಪುರಗಳ ಬೀದಿಗಳಲ್ಲಿ ಹಾಡಿ ಕುಣಿದು, ಬೇಡಿ, ಗುರುವಾರದ ದಿನ ತಿತಿಮತಿಗೆ ಸಮೀಪದ ದೇವರಪುರದ ಅಯ್ಯಪ್ಪ-ಭದ್ರಕಾಳಿ ದೇವಸ್ಥಾನದಲ್ಲಿ ಸೇರುತ್ತಾರೆ. ಬೇಡಿ ತಂದ ಹಣದಲ್ಲಿ ಒಂದು ಪಾಲು ದೇವರಿಗೆ. ಬೈಗುಳದ ಕೊನೆಯ ಕಂತೂ ದೇವರಿಗೇ ಸಲ್ಲುತ್ತದೆ. ಅದಾದ ಮೇಲೆ ತಪ್ಪಾಯಿತೆಂದು ಕೈಮುಗಿದು ಊರಿಗೆ ಮರಳುತ್ತಾರೆ.

ದೇವರನ್ನೇ ಏಕೆ ಬೈಯಬೇಕು? ಅದಕ್ಕೊಂದು ಕತೆಯಿದೆ. ಬೇಟೆಯ ದೇವರಾದ ಅಯ್ಯಪ್ಪ ಕಾಡಿನ ಜನರನ್ನು ಬೇಟೆಗೆಂದು ಕರೆದುಕೊಂಡು ಹೋದನಂತೆ. ದಾರಿಯಲ್ಲಿ ಭದ್ರಕಾಳಿಯನ್ನು ಕಂಡು ಮೋಹಗೊಂಡು, ನಂಬಿ ಬಂದವರನ್ನು ನಡುಕಾಡಿನಲ್ಲಿ ಬಿಟ್ಟು ಅವಳೊಂದಿಗೆ ಹೊರಟುಹೋದನಂತೆ. ಮೋಸಹೋದವರು ಸಿಟ್ಟಿನಿಂದ ಅವನನ್ನು ಬೈದರು. ಆ ಬೈಗುಳ ವರ್ಷಕ್ಕೊಮ್ಮೆ ಮರುಕಳಿಸುತ್ತದೆ. ನಂಬಿಸಿ ಕರೆದೊಯ್ದು ಕಾಡಿನಲ್ಲಿ ಕೈಬಿಟ್ಟ ಒಡೆಯನ ಈ ಕತೆಯನ್ನು ನೆನಪಿಟ್ಟುಕೊಳ್ಳಬೇಕು. ನಮ್ಮ ಮುಂದಿನ ಮಾತೆಲ್ಲ ಅದರ ಸುತ್ತಲೇ ಇದೆ.

ಕ್ಯಾಲಿಫೋರ್ನಿಯಾದ ಬೇಸಿಗೆ

ಹರುಕು ಬಟ್ಟೆ, ಬಣ್ಣದ ಮುಖ, ಗಂಡು-ಹೆಣ್ಣಿನ ಉಡುಪಿನ ಗಡಿ ಅಳಿಸುವುದು, ಮತ್ತು, ತಾಳ, ಅಲೆದಾಟ, ದೊಡ್ಡವರ ಬಗ್ಗೆ ತಾತ್ಸಾರ: ಇವೆಲ್ಲ ಒಂದೆಡೆ ಸೇರಿದಾಗ ನಗರದ ಓದುಗರಿಗೆ ಥಟ್ಟನೆ ನೆನಪಾಗುವುದು ಹಿಪ್ಪಿಗಳು. 1967ರ ಬೇಸಿಗೆಯಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋ ನಗರಕ್ಕೆ ಸಾವಿರಾರು ತರುಣ ತರುಣಿಯರು ಮನೆ ಬಿಟ್ಟು ಬಂದರು. ವಿಯೆಟ್ನಾಂ ಯುದ್ಧಕ್ಕೆ ಸೈನಿಕರಾಗಿ ಹೋಗಲು ಅವರಿಗೆ ಮನಸ್ಸಿರಲಿಲ್ಲ. ಅಪ್ಪಂದಿರ ಆಫೀಸು, ಕಾರು, ಸಾಲದ ಮನೆಯ ಬದುಕೂ ಬೇಕಿರಲಿಲ್ಲ. ಅವರ ಹಾಡುಗಳಲ್ಲಿ ಎರಡು ವಸ್ತುಗಳು ಮತ್ತೆ ಮತ್ತೆ ಬಂದವು. ಒಂದು, ಮನಸ್ಸಿನ ಒಳಗಿನ ಬಣ್ಣಬಣ್ಣದ ಲೋಕ. ಇನ್ನೊಂದು, ಗುರಿಯಿಲ್ಲದ ದಾರಿ.

ಆ ಒಳಲೋಕಕ್ಕೆ ಕೊಟ್ಟ ಹೆಸರು ‘ಸೈಕೆಡೆಲಿಕ್’. ಹಂಫ್ರಿ ಆಸ್ಮಂಡ್ ಎಂಬ ಮನೋವೈದ್ಯ 1956ರಲ್ಲಿ ಲೇಖಕ ಆಲ್ಡಸ್ ಹಕ್ಸ್‌ಲಿಯೊಂದಿಗೆ ಪತ್ರವ್ಯವಹಾರ ನಡೆಸುತ್ತಾ ಗ್ರೀಕ್ ಧಾತುಗಳಿಂದ ಕಟ್ಟಿದ ಪದ ಅದು. ಮನಸ್ಸನ್ನು ತೆರೆದು ತೋರಿಸುವುದು ಎಂದು ಅದರ ಅರ್ಥ. ಸ್ವಿಟ್ಜರ್ಲೆಂಡಿನ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದ್ದ, 1943ರಲ್ಲಿ ತಾನೇ ಸೇವಿಸಿ ಪರಿಣಾಮ ಕಂಡುಕೊಂಡಿದ್ದ ಎಲ್‌ಎಸ್‌ಡಿ ಅವರ ಮುಖ್ಯ ಮಾದಕವಾಯಿತು. ಗಿಟಾರಿನ ಸ್ವರ ಎಳೆದು ತಿರುಚುವುದು, ಒಂದೇ ಹಾಡನ್ನು ಗಂಟೆಗಟ್ಟಲೆ ಬೆಳೆಸುವುದು, ಸಿತಾರಿನ ಝೇಂಕಾರ ಬೆರೆಸುವುದು ಆ ಸಂಗೀತದ ಗುರುತುಗಳಾದವು.

ಈ ಹಾದಿ ಭಾರತಕ್ಕೂ ಬಂತು. 1968ರಲ್ಲಿ ಬೀಟಲ್ಸ್ ತಂಡ ಋಷಿಕೇಶಕ್ಕೆ ಬಂದು ಮಹರ್ಷಿ ಮಹೇಶ್ ಯೋಗಿಯ ಆಶ್ರಮದಲ್ಲಿ ಉಳಿಯಿತು. ಇಸ್ತಾಂಬುಲ್‌ನಿಂದ ಟೆಹರಾನ್, ಕಾಬೂಲ್, ಲಾಹೋರ್‌ಗಳ ಮೂಲಕ ದಿಲ್ಲಿಗೆ ಬಂದ ಅಲೆಮಾರಿಗಳು ಗೋವಾದ ಕಡಲ ತೀರಕ್ಕೂ, ಕ್ರಮೇಣ ನಮ್ಮ ಗೋಕರ್ಣ ಮತ್ತು ಹಂಪಿಗೂ ತಲುಪಿದರು. 1979ರಲ್ಲಿ ಇರಾನಿನ ಕ್ರಾಂತಿ ಮತ್ತು ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆಯ ಪ್ರವೇಶವಾದ ಮೇಲೆ ಆ ನೆಲಮಾರ್ಗ ಮುಚ್ಚಿತು.

ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. 1967ರ ಮಾಂಟೆರೆ ಉತ್ಸವದಲ್ಲೂ 1969ರ ವುಡ್‌ಸ್ಟಾಕ್ ಉತ್ಸವದಲ್ಲೂ ರವಿಶಂಕರ್ ಸಿತಾರ್ ನುಡಿಸಿದರು, ಉಸ್ತಾದ್ ಅಲ್ಲಾರಖಾ ತಬಲಾ ಸಾಥ್ ಕೊಟ್ಟರು. ಕೇಳುಗರು ಅಮಲಿನಲ್ಲಿ ತಲೆದೂಗಿದಾಗ ರವಿಶಂಕರ್‌ಗೆ ಅದು ಮೆಚ್ಚುಗೆಯಾಗಿ ಕಾಣಲಿಲ್ಲ. ಸಂಗೀತದ ಮುಂದೆ ಮಾದಕ ಸೇದುವುದನ್ನು ಅವರು ಬಹಿರಂಗವಾಗಿಯೇ ಆಕ್ಷೇಪಿಸಿದರು. ಅಮಲಿನ ಸಂಗೀತವೆಂದು ಪಶ್ಚಿಮ ಹಿಡಿದುಕೊಂಡದ್ದು ಗುರುವಿನ ಮುಂದೆ ಕುಳಿತು ವರ್ಷಗಟ್ಟಲೆ ಕಲಿತ ಶಿಸ್ತಿನ ಫಲವಾಗಿತ್ತು. ಈ ತಪ್ಪುಗ್ರಹಿಕೆ ಅಲ್ಲಿಗೇ ನಿಲ್ಲಲಿಲ್ಲ. ಲೋಕದ ಕಟ್ಟಳೆ ಮೀರಿದ ಹಾಡು, ಅಲೆದಾಟ ಕಂಡಲ್ಲೆಲ್ಲ ಇದೂ ಹಿಪ್ಪಿಗಳ ಹಾಗೆಯೇ ಎನ್ನುವ ಅಭ್ಯಾಸ ಇಂದಿಗೂ ನಮ್ಮಲ್ಲಿದೆ. ಚರಿತ್ರೆಯ ದಿಕ್ಕು ಇದಕ್ಕೆ ವಿರುದ್ಧವಾದದ್ದು. ಆ ಹುಡುಗರು ಹುಡುಕಿಕೊಂಡು ಬಂದ ದಾರಿಯಲ್ಲಿ ನಮ್ಮ ಫಕೀರರೂ ಅವಧೂತರೂ ಶತಮಾನಗಳ ಹಿಂದೆಯೇ ನಡೆದುಹೋಗಿದ್ದರು.

ಕಲಂದರರು ಮತ್ತು ಗೋಗಿಯ ಖಾಜಿ

13ನೇ ಶತಮಾನದಲ್ಲಿ ಸಿರಿಯಾ, ಈಜಿಪ್ಟ್, ಇರಾನ್‌ಗಳ ಬೀದಿಗಳಲ್ಲಿ ಕಲಂದರರೆಂಬ ಅಲೆಮಾರಿ ಸೂಫಿಗಳು ಕಾಣಿಸಿಕೊಂಡರು. ಇವರಿಗೆ ಒಂದು ರೂಪ ಕೊಟ್ಟವನು ಜಮಾಲುದ್ದೀನ್ ಸಾವಿ. ತಲೆ, ಗಡ್ಡ, ಮೀಸೆ, ಹುಬ್ಬು ನಾಲ್ಕನ್ನೂ ಬೋಳಿಸಿಕೊಳ್ಳುತ್ತಿದ್ದರು. ಮನೆ, ಮದುವೆ, ದುಡಿಮೆ, ಆಸ್ತಿ ಯಾವುದನ್ನೂ ಇಟ್ಟುಕೊಳ್ಳುತ್ತಿರಲಿಲ್ಲ. ಗಡ್ಡ ಗೌರವದ ಗುರುತಾಗಿದ್ದ ಸಮಾಜದಲ್ಲಿ ಅದನ್ನು ಬೋಳಿಸುವುದು ಬೇಕೆಂದೇ ತನ್ನ ಮಾನ ಕಳೆದುಕೊಳ್ಳುವ ಕ್ರಮ. ಜನ ನನ್ನನ್ನು ಹೊಗಳಬಾರದು, ಹೊಗಳಿಕೆ ದೇವರಿಗೂ ನನಗೂ ನಡುವೆ ಪರದೆಯಾಗುತ್ತದೆ ಎಂಬುದು ಅದರ ಹಿಂದಿನ ತರ್ಕ. ಅವರಲ್ಲಿ ಕೆಲವರು ಭಂಗಿ ಸೇವಿಸುತ್ತಿದ್ದರು. 1328ರಲ್ಲಿ ತೀರಿಕೊಂಡ ವಿದ್ವಾಂಸ ಇಬ್ನ್ ತೈಮಿಯ್ಯ ಭಂಗಿಯನ್ನೂ ಕಲಂದರರನ್ನೂ ಕಟುವಾಗಿ ಖಂಡಿಸಿದ್ದಾರೆ. ಅವರಿಗಿಂತ ಎರಡು ಶತಮಾನ ಮೊದಲು ಇಮಾಮ್ ಗಝಾಲಿ ಸಂಗೀತದ ವಿಷಯದಲ್ಲಿ ಹೆಚ್ಚು ಸಾವಧಾನದ ನಿಲುವು ತಳೆದಿದ್ದರು. ಹಾಡು ಕೇಳುವವನ ಹೃದಯದಲ್ಲಿ ಏನಿದೆಯೋ ಅದನ್ನೇ ಕಲಕುತ್ತದೆ ಎಂಬುದು ಅವರ ವಾದದ ಸಾರ.

ಈ ಚರ್ಚೆ ದೂರದ ಅರಬ್ ನಾಡಿಗೆ ಮಾತ್ರ ಸೇರಿದ್ದಲ್ಲ. ಇಂದಿನ ಯಾದಗಿರಿ ಜಿಲ್ಲೆಯ ಗೋಗಿ ಎಂಬ ಊರಿನಲ್ಲಿ ಆದಿಲ್‌ಶಾಹಿ ಮನೆತನದ ಆರಂಭದ ಸುಲ್ತಾನರ ಸಮಾಧಿಗಳಿವೆ. ಅದೇ ಗೋಗಿಯವರು ಖಾಜಿ ಮಹಮೂದ್ ಬಹ್ರಿ. 1686ರಲ್ಲಿ ಬಿಜಾಪುರ ಔರಂಗಜೇಬನಿಗೆ ಬಿದ್ದ ಕಾಲದ ಏರುಪೇರು ಕಂಡವರು, 1700ರ ಹೊತ್ತಿಗೆ ದಖನಿಯಲ್ಲಿ ‘ಮನ್ ಲಗನ್’ ಎಂಬ ತತ್ವಕಾವ್ಯ ಬರೆದವರು. ಭಂಗಿಯನ್ನೇ ವಸ್ತುವಾಗಿಟ್ಟುಕೊಂಡ ‘ಬಂಗಾಬ್ ನಾಮಾ’ ಎಂಬ ಕಾವ್ಯವೂ ಅವರದೇ. ಬಿಜಾಪುರದ ಸೂಫಿಗಳ ಬಗ್ಗೆ 1978ರಲ್ಲಿ ಗ್ರಂಥ ಪ್ರಕಟಿಸಿದ ರಿಚರ್ಡ್ ಈಟನ್, ಆಸ್ಥಾನಕ್ಕೆ ಹತ್ತಿರವಾದ, ಇನಾಮು ಜಮೀನು ಪಡೆದು ನೆಲೆಯೂರಿದ ಸೂಫಿ ಮನೆತನಗಳನ್ನೂ, ಅದರಿಂದ ಸಿಡಿದು ಬೀದಿಗಿಳಿದ ಮಜ್ಜೂಬ್ ದರವೇಶಿಗಳನ್ನೂ ಬೇರೆಬೇರೆಯಾಗಿ ಗುರುತಿಸಿದ್ದಾರೆ. ಮಜ್ಜೂಬ್ ಎಂದರೆ ದೈವದ ಸೆಳೆತಕ್ಕೆ ಸಿಕ್ಕಿ ಲೋಕದ ಎಚ್ಚರ ಕಳೆದುಕೊಂಡವನು. ದರ್ಗಾಗಳಿಗೆ ಜಮೀನು ಬಂದು, ಗುರುಪಟ್ಟ ತಂದೆಯಿಂದ ಮಗನಿಗೆ ಹೋಗುವ ಆಸ್ತಿಯಾದಾಗ ಇಂಥವರು ಕಾಣಿಸಿಕೊಂಡರು ಎಂಬುದು ಯೋಚಿಸಬೇಕಾದ ಮಾತು. ಸ್ಯಾನ್‌ಫ್ರಾನ್ಸಿಸ್ಕೋದ ತರುಣರು ಅಪ್ಪಂದಿರ ಆಸ್ತಿಗೆ ಬೆನ್ನು ತಿರುಗಿಸಿದ್ದಕ್ಕಿಂತ ಇದು ಬಹಳ ಬೇರೆಯಲ್ಲ.

ಇಸ್ಲಾಂ ಅಮಲನ್ನು ನಿಷೇಧಿಸಿದೆ. ಇದರಲ್ಲಿ ಎರಡು ಮಾತಿಲ್ಲ. ಸೂಫಿಗಳಲ್ಲಿಯೂ ಬಹುಪಾಲಿನವರು ಶರೀಅತ್ತಿನ ಒಳಗೇ ನಡೆದವರು. ಅವರ ಕಾವ್ಯದ ಮದಿರೆ, ಬಟ್ಟಲು, ಸಾಖಿಗಳೆಲ್ಲ ದೈವಪ್ರೇಮದ ರೂಪಕಗಳು. ಆದರೆ ರೂಪಕಕ್ಕೂ ವಸ್ತುವಿಗೂ ನಡುವಿನ ಗೆರೆ ಎಲ್ಲರಲ್ಲೂ ಒಂದೇ ಸಮನಾಗಿ ಸ್ಪಷ್ಟವಾಗಿರಲಿಲ್ಲ ಎಂಬುದನ್ನೂ ಚರಿತ್ರೆಕಾರ ಮುಚ್ಚಿಡಬಾರದು.

ಶಿಶುನಾಳ ಶರೀಫರ (1819-1889) ಗುಡುಗುಡಿಯ ಹಾಡಿನಲ್ಲಿ ಈ ಗೆರೆಯ ಮೇಲಿನ ನಡಿಗೆ ಚೆನ್ನಾಗಿ ಕಾಣುತ್ತದೆ. ಸೇದುವ ಸಾಧನದ ಒಂದೊಂದು ಭಾಗವೂ ಅಲ್ಲಿ ದೇಹ ಮನಸ್ಸುಗಳ ಒಂದೊಂದು ಅಂಗವಾಗಿ ಬದಲಾಗುತ್ತದೆ. ಕೊನೆಗೆ ಸುಟ್ಟುಹೋಗಬೇಕಾದದ್ದು ಒಳಗಿನ ಕೊಳೆ. ಕನ್ನಡ ಶಾಲೆಯ ಮಾಸ್ತರಿಕೆ ಬಿಟ್ಟು, ಬ್ರಾಹ್ಮಣ ಗುರು ಗೋವಿಂದಭಟ್ಟರ ಬೆನ್ನು ಹತ್ತಿ, ಎರಡೂ ಕಡೆಯ ಸಂಪ್ರದಾಯಸ್ಥರ ಬೈಗುಳ ತಿಂದ ಶರೀಫರು ನಮ್ಮ ನೆಲದ ಪ್ರತಿಸಂಸ್ಕೃತಿಯ ದೊಡ್ಡ ಹಾಡುಗಾರ. ಚೆನ್ನೂರ ಜಲಾಲಸಾಬರಂಥ ತತ್ವಪದಕಾರರು ಅದೇ ಬಳಗದವರು. 2008ರಲ್ಲಿ ಬಂದ ರಘು ದೀಕ್ಷಿತ್ ತಂಡದ ಮೊದಲ ಆಲ್ಬಂನಲ್ಲಿ ಶರೀಫರ ಎರಡು ಪದಗಳು ಗಿಟಾರ್, ಡ್ರಮ್ಸ್ ಜೊತೆ ಬಂದಾಗ ನಗರದ ಹುಡುಗ ಹುಡುಗಿಯರು ಹುಚ್ಚೆದ್ದು ಕುಣಿದರು. ಒಂದು ರೀತಿಯಲ್ಲಿ ಅದು ಮನೆಗೆ ಮರಳಿ ಬಂದ ಹಾಡು.

ಎಚ್ಚರದ ಬೀಜ, ಜೀತದ ತೋಟ

ಗೋಗಿಯಿಂದ, ಶಿಶುನಾಳದಿಂದ ತಿತಿಮತಿಗೆ ಮರಳುವ ದಾರಿ ಕಾಫಿ ತೋಟದ ನಡುವೆ ಹಾದುಹೋಗುತ್ತದೆ. ಈ ಕಾಫಿಗೂ ಫಕೀರರಿಗೂ ಹಳೆಯ ನಂಟು. 15ನೇ ಶತಮಾನದಲ್ಲಿ ಯೆಮನ್ ದೇಶದ ಸೂಫಿಗಳು ರಾತ್ರಿಯ ಝಿಕ್ರ್‌ನಲ್ಲಿ ನಿದ್ದೆ ಬಾರದಿರಲೆಂದು ಕಾಫಿ ಕುಡಿಯುತ್ತಿದ್ದರು. ಇದೂ ಒಂದು ಅಮಲು, ಇದನ್ನು ಕುಡಿಯಲು ಸೇರುವ ಜನ ಅಡ್ಡದಾರಿ ಹಿಡಿಯುತ್ತಾರೆ ಎಂದು 1511ರಲ್ಲಿ ಮಕ್ಕಾದ ಅಧಿಕಾರಿ ಖಾಯಿರ್ ಬೇಗ್ ಅದನ್ನು ನಿಷೇಧಿಸಿದ. ನಿಷೇಧ ಬಹಳ ಕಾಲ ಉಳಿಯಲಿಲ್ಲ. ಹಜ್ ಯಾತ್ರೆಯಿಂದ ಮರಳುವಾಗ ಏಳು ಕಾಫಿ ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದವರು ಬಾಬಾಬುಡನ್ ಎಂದು ಜನ ನಂಬುತ್ತಾರೆ. ಆ ಗಿರಿಯ ಉರುಸಿಗೆ ಇಂದಿಗೂ ದೂರದೂರದ ಫಕೀರರು ದಫ್ ಹಿಡಿದು ಬರುತ್ತಾರೆ.

ಅಲೆಮಾರಿ ಫಕೀರನ ಜೋಳಿಗೆಯಲ್ಲಿ ಬಂದ ಎಚ್ಚರದ ಬೀಜ ಕೊಡಗಿನಲ್ಲಿ ಬೇರೆಯೇ ಚರಿತ್ರೆ ಬರೆಯಿತು. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು. 19ನೇ ಶತಮಾನದ ಮಧ್ಯಭಾಗದಿಂದ ಯುರೋಪಿಯನ್ನರ ಎಸ್ಟೇಟುಗಳು ಎದ್ದವು. ಕಾಡು ಕಡಿದು ತೋಟವಾಯಿತು, ಉಳಿದ ಕಾಡು ಸರಕಾರದ ಮೀಸಲು ಅರಣ್ಯವಾಯಿತು. ಜೇನು, ಗೆಡ್ಡೆ, ಬಿದಿರು ನಂಬಿ ಕಾಡಿನಲ್ಲಿ ಸಂಚರಿಸುತ್ತಿದ್ದ ಕುರುಬರು ಎಸ್ಟೇಟಿನ ಲೈನುಮನೆಗಳಿಗೆ ಬಂದರು. ಎರವರ ಸ್ಥಿತಿ ಅದಕ್ಕೂ ಹಳೆಯದು. ಆ ಶತಮಾನದ ದಾಖಲೆಗಳಲ್ಲಿ ಅವರು ಜಮೀನಿನೊಂದಿಗೆ ಕೈಬದಲಾಗುವ ಜೀತದಾಳುಗಳಾಗಿ ಕಾಣಿಸುತ್ತಾರೆ. 1843ರ ಕಾಯಿದೆ ಗುಲಾಮಗಿರಿಗೆ ಕಾನೂನಿನ ಬೆಂಬಲ ತೆಗೆದುಹಾಕಿತು. ಜೀತ ಪದ್ಧತಿಯ ರದ್ದತಿಗೆ ಇನ್ನೊಂದು ಕಾಯಿದೆ ಬರಲು 1976ರವರೆಗೆ ಕಾಯಬೇಕಾಯಿತು. ಇಂದು ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಕೊಡಗಿನದು. ಅದನ್ನು ಕೊಯ್ಯುವ ಕೈಗಳಲ್ಲಿ ಈ ಜನರ ಕೈಗಳೂ ಇವೆ.

ಈಗ ಕುಂಡೆ ಹಬ್ಬವನ್ನು ಮತ್ತೊಮ್ಮೆ ನೋಡೋಣ. ವರ್ಷವೆಲ್ಲ ಧಣಿಗಳ ಮುಂದೆ ಬೆನ್ನು ಬಾಗಿಸಿ ನಿಲ್ಲುವವನು ಅಂದು ಅದೇ ಧಣಿಯ ಕಾರು ತಡೆದು ಅವನ ಕುಂಡೆಯ ಮೇಲೆ ಹಾಡು ಕಟ್ಟುತ್ತಾನೆ. ಕಡ ಕೊಟ್ಟ ಅಂಗಡಿಯವನನ್ನು ಬೈಯುತ್ತಾನೆ. ಜಾತಿ ಮತ ನೋಡದೆ ಎಲ್ಲರನ್ನೂ ಬೈಯುತ್ತಾನೆ. ಈ ಊರುಗಳ ಪೇಟೆಗಳಲ್ಲಿ ಅಂಗಡಿ, ಹೋಟೆಲು ಇಟ್ಟಿರುವ ಮುಸ್ಲಿಮರಿಗೂ ಅದರಲ್ಲಿ ಸಮಪಾಲು ಸಿಗುತ್ತದೆ, ಅವರೂ ನಗುತ್ತಲೇ ಗಲ್ಲಾಪೆಟ್ಟಿಗೆ ತೆರೆಯುತ್ತಾರೆ. ಬೈಗುಳದಲ್ಲಿ ಯಾರೂ ಹೊರಗಿನವರಲ್ಲ.

ಇಂಥ ಆಚರಣೆಗಳನ್ನು ಮಾನವಶಾಸ್ತ್ರಜ್ಞ ಮ್ಯಾಕ್ಸ್ ಗ್ಲಕ್‌ಮನ್ 1950ರ ದಶಕದಲ್ಲಿ ಬಂಡಾಯದ ಆಚರಣೆಗಳು ಎಂದು ಕರೆದ. ಒಂದು ದಿನ ಲೋಕ ತಲೆಕೆಳಗಾಗುತ್ತದೆ, ಸಿಟ್ಟು ಆವಿಯಾಗಿ ಹೋಗುತ್ತದೆ, ಮರುದಿನ ಹಳೆಯ ವ್ಯವಸ್ಥೆ ಇನ್ನಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂಬುದು ಅವನ ವಿವರಣೆ. ಇದರಲ್ಲಿ ಸತ್ಯಾಂಶವಿದೆ. ಶುಕ್ರವಾರ ಬೆಳಿಗ್ಗೆ ಸೀರೆ ಕಳಚಿಟ್ಟವನು ಮತ್ತೆ ತೋಟಕ್ಕೆ ಹೋಗಲೇಬೇಕು. ಆದರೆ ಒಂದು ಮಾತು ಅವನ ವಿವರಣೆಗೆ ಸಿಗುವುದಿಲ್ಲ. ಬೈಯುವ ಹಕ್ಕನ್ನು ವರ್ಷಕ್ಕೊಮ್ಮೆಯಾದರೂ ಬಳಸಿದ ಬಾಯಿ, ತಾನು ಮೋಸಹೋದವನೆಂಬ ಸಂಗತಿಯನ್ನು ಮರೆಯುವುದಿಲ್ಲ. ಅಯ್ಯಪ್ಪನ ಕತೆ ಮಾಡುತ್ತಿರುವ ಕೆಲಸ ಅದೇ.

ಮತ್ತು ಮರೆಯಬಾರದ ಸಂಗತಿಗಳು ಇಲ್ಲಿ ಬಹಳ ಇವೆ. ತಿತಿಮತಿಯ ಪಕ್ಕದ ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಯಿತು. 1972ರ ವನ್ಯಜೀವಿ ಕಾಯಿದೆಯ ನಂತರ ಕಾಡಿನೊಳಗಿನ ಹಾಡಿಗಳ ಜನ ಒಕ್ಕಲೆದ್ದು ಹೊರಬಂದರು. ಬೇಟೆ ಬಿಟ್ಟಿತು, ಬೇಸಾಯ ಬಿಟ್ಟಿತು, ಸತ್ತವರ ಸಮಾಧಿಗಳೂ ದೇವರ ಬನಗಳೂ ಬೇಲಿಯ ಒಳಗೆ ಉಳಿದವು. ಹೀಗೆ ಜನರನ್ನು ಹೊರಗಟ್ಟಿದ ಕಾಡಿನೊಳಗೇ ದೊಡ್ಡ ರೆಸಾರ್ಟೊಂದು ಏಳುವುದರಲ್ಲಿತ್ತು. ಆದಿವಾಸಿಗಳ ಹೋರಾಟದ ಬಳಿಕ 1997ರಲ್ಲಿ ಹೈಕೋರ್ಟ್ ಅದನ್ನು ತಡೆಯಿತು. 2006ರಲ್ಲಿ ಅರಣ್ಯ ಹಕ್ಕು ಕಾಯಿದೆ ಬಂತು. ಆದರೂ 2016ರ ಡಿಸೆಂಬರ್‌ನಲ್ಲಿ ಸಿದ್ದಾಪುರ ಸಮೀಪದ ದಿಡ್ಡಳ್ಳಿಯಲ್ಲಿ, ಲೈನುಮನೆ ಬಿಟ್ಟು ಬಂದು ಸ್ವಂತದ್ದೊಂದು ಸೂರು ಬೇಕೆಂದು ಗುಡಿಸಲು ಹಾಕಿದ್ದ ಐನೂರಕ್ಕೂ ಹೆಚ್ಚು ಕುಟುಂಬಗಳ ಗುಡಿಸಲುಗಳು ನೆಲಸಮವಾದವು. ಹಲವರಿಗೆ ಮುಂದೆ ಕುಶಾಲನಗರದ ಕಡೆಯ ಬಸವನಹಳ್ಳಿ ಮತ್ತು ಬ್ಯಾಡಗೊಟ್ಟದಲ್ಲಿ ಮನೆ ಸಿಕ್ಕಿತು. 2025ರ ಮೇ ತಿಂಗಳಲ್ಲಿ, ಕುಂಡೆ ಹಬ್ಬದ ತಿಂಗಳಲ್ಲೇ, ಜೇನುಕುರುಬರ ಹಲವು ಕುಟುಂಬಗಳು ನಾಗರಹೊಳೆಯೊಳಗಿನ ಕರಡಿಕಲ್ಲು ಅತ್ತೂರುಕೊಲ್ಲಿಗೆ ಮರಳಿ, ಇದು ನಮ್ಮ ಹಿರಿಯರ ನೆಲ ಎಂದು ಗುಡಿಸಲು ಕಟ್ಟಲು ಮುಂದಾದವು.

ಯಾರ ಅಲೆದಾಟ?

ಇಲ್ಲಿ ಮೂರು ಬಗೆಯ ಅಲೆಮಾರಿಗಳನ್ನು ಕಂಡೆವು. ಕ್ಯಾಲಿಫೋರ್ನಿಯಾದ ತರುಣನಿಗೆ ಹಿಂದಿರುಗಲು ಒಂದು ಮನೆಯಿತ್ತು, ಅನೇಕರು ಹಿಂದಿರುಗಿದರು ಕೂಡ. ಕಲಂದರನಿಗೆ ಮನೆಯಿರಲಿಲ್ಲ, ಆದರೆ ಅದು ಅವನು ತಾನೇ ಬಿಟ್ಟ ಮನೆ. ಭಿಕ್ಷೆ ಅವನ ಸಾಧನೆಯಾಗಿತ್ತು. ತಿತಿಮತಿಯ ಕುರುಬನ ಅಲೆದಾಟ ಈ ಎರಡೂ ಅಲ್ಲ. ಕಾಡಿನೊಳಗೆ ತಿರುಗಾಡುವುದು ಅವನ ಬದುಕಾಗಿದ್ದಾಗ ಅದನ್ನು ಒತ್ತುವರಿ ಎಂದರು. ಕಾಡಿನಿಂದ ಹೊರಗೆ ತಂದು ಎಸ್ಟೇಟಿನಿಂದ ಎಸ್ಟೇಟಿಗೆ ಅಲೆಯುವಂತೆ ಮಾಡಿದಾಗ ಅದನ್ನು ಕೂಲಿ ಎಂದರು. ವರ್ಷಕ್ಕೊಂದು ದಿನ ತನ್ನಿಷ್ಟದಂತೆ ಬೀದಿ ಅಲೆದಾಗ ಮಾತ್ರ ಅದು ಹಬ್ಬ.

ಈ ಹಬ್ಬಕ್ಕೂ ಈಗ ಎರಡು ಕಡೆಯಿಂದ ಒತ್ತಡವಿದೆ. ಒಂದು, ಇದು ಅಸಭ್ಯ, ನಿಲ್ಲಿಸಬೇಕು ಎನ್ನುವವರದು. ಇನ್ನೊಂದು, ಇದು ಬಲು ಮೋಜು ಎಂದು ಮೊಬೈಲು ಹಿಡಿದು ಬರುವವರದು. ಮೊದಲನೆಯವರಿಗೆ ಬೈಗುಳ ಕೇಳಿಸುತ್ತದೆ, ಅದರ ಹಿಂದಿನ ಕತೆ ಕೇಳಿಸುವುದಿಲ್ಲ. ಎರಡನೆಯವರಿಗೆ ಎರಡೂ ಕೇಳಿಸುವುದಿಲ್ಲ, ಬಣ್ಣ ಮಾತ್ರ ಕಾಣುತ್ತದೆ. ಹೆಣ್ಣಿನ ವೇಷ ತೊಟ್ಟು ಹೆಣ್ಣನ್ನೇ ಹೀಯಾಳಿಸುವ ಹಾಡುಗಳೂ ಇದರಲ್ಲಿವೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಬೇಡಿ ತಂದ ಹಣದಲ್ಲಿ ದೊಡ್ಡ ಪಾಲು ಹೆಂಡದಂಗಡಿಗೆ ಹೋಗುತ್ತದೆ ಎಂಬುದನ್ನೂ ಹೇಳಬೇಕು. ಹಾಡಿಗಳಲ್ಲಿ ಕುಡಿತ ಎಷ್ಟು ಮನೆ ಮುರಿದಿದೆಯೆಂದು ಅಲ್ಲಿನ ಹೆಂಗಸರಿಗೆ ಗೊತ್ತು. ದೂರದಲ್ಲಿ ಕುಳಿತ ನಾವು ಅಮಲನ್ನು ಸ್ವಾತಂತ್ರ್ಯವೆಂದು ಹಾಡಿ ಹೊಗಳುವುದು ಸುಲಭ. ಕಲಂದರರ ಭಂಗಿಯನ್ನು ಖಂಡಿಸಿದ ಉಲಮಾಗಳ ಮಾತಿನಲ್ಲಿದ್ದ ಕಾಳಜಿಯನ್ನು ಇಲ್ಲಿ ನೆನೆಯಬೇಕು. ಮನಸ್ಸನ್ನು ತೆರೆಯುತ್ತೇನೆಂದು ಬಂದ ವಸ್ತು ಮನುಷ್ಯನನ್ನೇ ಮುಚ್ಚಿಹಾಕಿದ ಉದಾಹರಣೆ ಎಲ್ಲ ಕಾಲಕ್ಕೂ ಎಲ್ಲ ದೇಶಕ್ಕೂ ಸೇರಿದ್ದು.

ಹಾಗೆಂದು ಹಾಡನ್ನೂ ಹೆಂಡವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಹೆಂಡ ಮರೆಸುತ್ತದೆ, ಈ ಹಾಡು ನೆನಪಿಸುತ್ತದೆ. ಒಡೆದ ಡಬ್ಬ, ಒಣ ಬುರುಡೆ, ಬಾಯಿ ತುಂಬ ಬೈಗುಳ ಬಿಟ್ಟರೆ ಬೇರೆ ಬಂಡವಾಳವಿಲ್ಲದ ಜನ ತಮ್ಮನ್ನು ಕೈಬಿಟ್ಟವನ ಬಾಗಿಲಿಗೇ ಹೋಗಿ ಲೆಕ್ಕ ಕೇಳುವ ಹಾಡು ಅದು.

ಗುರುವಾರ ಸಂಜೆ ದೇವರಪುರದಲ್ಲಿ ಬೈದವರು ದೇವರಲ್ಲಿ ಕ್ಷಮೆ ಕೇಳುತ್ತಾರೆ. ಕತೆಯ ಪ್ರಕಾರ ಮೋಸ ಮಾಡಿದವನು ದೇವರು, ಆದರೆ ತಪ್ಪಾಯಿತು ಎನ್ನುವವರು ಮೋಸಹೋದವರು. ಕಾಡು ಕಿತ್ತುಕೊಂಡವರು, ತೋಟದಲ್ಲಿ ದುಡಿಸಿಕೊಂಡವರು, ಕಾಯಿದೆ ಬರೆದು ಕಪಾಟಿನಲ್ಲಿಟ್ಟವರು, ಕಾಫಿ ಕುಡಿಯುತ್ತಾ ಇದನ್ನೆಲ್ಲ ಓದುತ್ತಿರುವ ನಾವು, ಅವರಲ್ಲಿ ತಪ್ಪಾಯಿತು ಎನ್ನುವ ಗುರುವಾರ ಮಾತ್ರ ಇನ್ನೂ ಯಾವ ಕ್ಯಾಲೆಂಡರಿನಲ್ಲೂ ಬಂದಿಲ್ಲ.